ಎರಿಹೊಲದ ಬಿಡಾರ

ಚಳಿಗಾಲದಲ್ಲಿ ನವಲಗುಂದದ ಎರಿಹೊಲಗಳ ಕಡೆ ಹೋದರೆ ಸಂಚಾರಿ ಕುರಿಗಾರರು ಕಾಣುತ್ತಾರೆ. ಗಂಡ ಹೆಗಲಿಗೆ ಕಂಬಳಿ ಹಾಕಿಕೊಂಡು ಹಿಂಡಿನ ಜೊತೆ ನಡೆಯುತ್ತಾನೆ. ಹೆಂಡತಿ ಕುದುರೆಯ ಬೆನ್ನಿಗೆ ಪಾತ್ರೆ, ಜೋಳದ ಹಿಟ್ಟು, ಹಾಸಿಗೆ, ಎಳೆಯ ಮರಿಗಳನ್ನು ಹೇರಿಕೊಂಡು ಮುಂದಿನ ಬಿಡಾರಕ್ಕೆ ಹೊರಡುತ್ತಾಳೆ. ಸಂಜೆ ಹಿಂಡು ಬರುವಷ್ಟರಲ್ಲಿ ಅಲ್ಲಿ ಒಲೆ ಹೊತ್ತಿರಬೇಕು, ನೀರು ಬಂದಿರಬೇಕು, ಮರಿಗಳು ಬೆಚ್ಚಗಿರಬೇಕು. ಕುರಿ ಕಾಯುವುದು ಗಂಡಸಿನ ಕೆಲಸ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬಿಡಾರವೆಂಬ ಆ ಮನೆಯನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುವವಳು ಆಕೆ.

ರಾತ್ರಿ ಕುರಿ ತರುಬಿದ ಹೊಲಕ್ಕೆ ಹಿಕ್ಕೆ, ಗಂಜಲ ಸಿಗುತ್ತದೆ. ಅದಕ್ಕೆ ರೈತರು ಕಾಳೋ, ಹಣವೋ ಕೊಡುತ್ತಾರೆ. ಕಾಗದವಿಲ್ಲದ ಹಳೆಯ ಒಪ್ಪಂದ ಇದು.

ದೂರದ ಸ್ಪೇನಿನಲ್ಲೂ ಚಳಿ ಬಂತೆಂದರೆ ಕುರಿಗಾರರು ಬೆಟ್ಟ ಇಳಿದು ದಕ್ಷಿಣದ ಬಯಲಿಗೆ ನಡೆಯುತ್ತಿದ್ದರು. 1273ರಲ್ಲಿ ದೊರೆ ಹತ್ತನೆಯ ಅಲ್ಫಾನ್ಸೊ ಅವರ ಸಂಘಕ್ಕೆ ಹಕ್ಕುಪತ್ರ ಕೊಟ್ಟ. 1995ರ ಕಾನೂನು ಅವರ ದಾರಿಗಳನ್ನು ಸಾರ್ವಜನಿಕ ಆಸ್ತಿಯೆಂದು ಕಾಯುತ್ತದೆ. ಶರತ್ಕಾಲದ ಉತ್ಸವದಲ್ಲಿ ಮ್ಯಾಡ್ರಿಡ್ ನಗರದ ನಡುವೆಯೇ ಕುರಿಹಿಂಡು ಹಾದುಹೋಗುತ್ತದೆ.

ನಮ್ಮಲ್ಲಿ ಕುರಿದಾರಿ ಉಳಿದಿರುವುದು ಹೆಚ್ಚಾಗಿ ರೈತರ ಒಳ್ಳೆಯ ಮನಸ್ಸಿನಿಂದ. ಡಾಂಬರು ರಸ್ತೆಯಲ್ಲಿ ವಾಹನಗಳ ಭರಾಟೆ. ಬೀಳು ಭೂಮಿ ಕಡಿಮೆ. ಈ ಚಳಿಗಾಲ ನಿಮ್ಮ ಹೊಲದಾಗ ಬಿಡಾರ ಇಳಿದರೆ, ಕೃಷಿಹೊಂಡದಿಂದ ನಾಲ್ಕು ಕೊಡ ನೀರು ತುಂಬಿಕೊಳ್ಳಲು ಆ ತಾಯಿಗೆ ಹೇಳಿ. ಮುಂದೆ ಯಾರ ಹೊಲ ಖಾಲಿ ಇದೆ ಎಂಬುದನ್ನೂ ತಿಳಿಸಿ. ಅವರಿಗೆ ಅದು ಬಹಳ ಬೇಕಾದ ಸುದ್ದಿ.