ತವರಿಗೆ ಬಾ ಎಂದವರು ಬಾಗಿಲು ತೆರೆದೆವೇ?

(ಶಲವಡಿಯಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತ-ಬಡಿತದ ಬಗ್ಗೆ ಮಾತಾಡಬೇಕು ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಕಾನೂನಿನ ಮಾತನ್ನು ಕಡೆಗೆ ಹೇಳುತ್ತೇನೆ. ಮೊದಲು ಸಿನಿಮಾದ ಮಾತು. ನಗಬೇಡಿ. ಕಡಲೆಯ ರಾಶಿ ಮುಗಿದ ಮೇಲೆ ನಾವು ಐದಾರು ಹೆಂಗಸರು ರಾತ್ರಿ ಊಟ ಮುಗಿಸಿ, ಒಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಸಿನಿಮಾ ನೋಡಿದೆವು. ಹಿಂದಿ ನಮಗೆ ಪೂರಾ ತಿಳಿಯುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನಡುನಡುವೆ ನಿಲ್ಲಿಸಿ ಹೇಳುತ್ತಿದ್ದಳು. ಮನೆಯಲ್ಲಿ ನೋಡುವುದರ ಲಾಭವೇ ಅದು: ಬೇಕಾದಲ್ಲಿ ನಿಲ್ಲಿಸಿ ಜಗಳಾಡಬಹುದು. ನಾವು ಆಡಿದ ಜಗಳವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ಮೊದಲು ನೋಡಿದ್ದು 'ಥಪ್ಪಡ್'. ಅನುಭವ್ ಸಿನ್ಹಾ ಅವರ ಚಿತ್ರ, 2020ರಲ್ಲಿ ಬಂದದ್ದು. ಮನೆಯಲ್ಲಿ ಪಾರ್ಟಿ ನಡೆದಿರುತ್ತದೆ. ಗಂಡನಿಗೆ ನೌಕರಿಯ ವಿಷಯದಲ್ಲಿ ಸಿಟ್ಟು ಬಂದು, ಎಲ್ಲರ ಎದುರಿಗೇ ಹೆಂಡತಿಯ ಕೆನ್ನೆಗೆ ಹೊಡೆಯುತ್ತಾನೆ. ಒಂದೇ ಏಟು. ಆಕೆ ಆ ಒಂದು ಏಟನ್ನು ಮರೆಯುವುದಿಲ್ಲ, ಸೋಡಚೀಟಿ ಕೇಳುತ್ತಾಳೆ. ಇಲ್ಲಿ ನಮ್ಮ ಒಬ್ಬ ಅಕ್ಕ ನಿಲ್ಲಿಸಲು ಹೇಳಿದಳು. "ಒಂದು ಏಟಿಗೆ ಸಂಸಾರ ಬಿಟ್ಟರ, ನಮ್ಮ ಓಣ್ಯಾಗ ಒಂದು ಸಂಸಾರನೂ ಉಳಿಯಂಗಿಲ್ಲ ಬಿಡು" ಅಂದಳು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆಂದರೆ ಆಕೆ ಹೇಳಿದ್ದು ಚೇಷ್ಟೆಯಲ್ಲ, ಲೆಕ್ಕ.

ನನಗೂ ಈ ಸಿನಿಮಾದ ಮೇಲೆ ಒಂದು ತಕರಾರಿದೆ. ನಾಯಕಿ ಉಳ್ಳವರ ಮನೆಯವಳು. ವಕೀಲರ ಹತ್ತಿರ ಹೋಗಬಲ್ಲಳು. ತಂದೆ ಜೊತೆಗೆ ನಿಲ್ಲುತ್ತಾನೆ. ಆದರೆ ಅವಳ ಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ, ಗಂಡನ ಹೊಡೆತ ತಿಂದೇ ಕೆಲಸಕ್ಕೆ ಬರುತ್ತಾಳೆ. ನಮ್ಮ ಕಥೆ ಆಕೆಯದು. ಆದರೂ ಒಂದು ಮಾತು ಒಪ್ಪುತ್ತೇನೆ. ಹತ್ತನೆಯ ಏಟು, ನೂರನೆಯ ಏಟು ಎಂದು ನಾವು ಎಣಿಸುತ್ತೇವಲ್ಲ, ಅವೆಲ್ಲ ಮೊದಲನೆಯ ಏಟಿಗೆ ನಾವು "ಇರಲಿ ಬಿಡು" ಅಂದದ್ದರಿಂದ ಬಂದವು.

ಆಮೇಲೆ ಹಿರಿಯರ ಒತ್ತಾಯಕ್ಕೆ ಹಳೆಯ 'ಶರಪಂಜರ' ಹಾಕಿದೆವು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, 1971ರ ಚಿತ್ರ. ಕಾವೇರಿಯಾಗಿ ಕಲ್ಪನಾ. ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕದಡುತ್ತದೆ. ಆಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಾಳೆ. ಆದರೆ ಮನೆ ಅವಳನ್ನು ಗುಣವಾಗಲು ಬಿಡುವುದಿಲ್ಲ. ಜೋರಾಗಿ ನಕ್ಕರೆ ಹುಚ್ಚಿ, ಸುಮ್ಮನಿದ್ದರೂ ಹುಚ್ಚಿ. ಗಂಡನಿಗೆ ಬೇರೆ ಹೆಣ್ಣಿನ ಸಂಬಂಧವಿದೆ. ಕೊನೆಗೆ ಮತ್ತೆ ಅದೇ ಆಸ್ಪತ್ರೆಯೇ ಗತಿ. ಅವಳನ್ನು ಮುರಿಯಲು ದಿನಾ ಕೋಲು ಬೇಕಾಗಲಿಲ್ಲ. ಅನುಮಾನ, ಪಿಸುಮಾತು, ತಾತ್ಸಾರ ಇಷ್ಟೇ ಸಾಕಾಯಿತು. ಐವತ್ತು ವರ್ಷ ದಾಟಿದ ಸಿನಿಮಾ. ಇವತ್ತಿಗೂ ಹೊಡೆತ ತಿಂದ ಹೆಣ್ಣು ದೂರು ಕೊಡಲು ಹೊರಟರೆ ಗಂಡನ ಮನೆಯವರ ಮೊದಲ ಉತ್ತರ ಏನು? "ಅಕಿ ತಲಿ ಸರಿ ಇಲ್ಲರೀ." ಹುಚ್ಚಿ ಎಂದರೆ ಅವಳ ಸಾಕ್ಷಿ ಬಿದ್ದುಹೋಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ದುಡ್ಡು ಕೊಡದೆ ಸತಾಯಿಸುವುದು ಇವೆಲ್ಲವನ್ನೂ ದೌರ್ಜನ್ಯವೆಂದು ಒಪ್ಪಿದೆ. ಬಾಸುಂಡೆ ತೋರಿಸಿದರೆ ಮಾತ್ರ ದೌರ್ಜನ್ಯ ಎಂಬುದಿಲ್ಲ.

ಮೂರನೆಯದು 'ಲಾಪತಾ ಲೇಡೀಸ್'. ಕಿರಣ್ ರಾವ್ ಅವರದು, 2024ರಲ್ಲಿ ಬಂತು. ರೈಲಿನಲ್ಲಿ ಎರಡು ಮದುಮಗಳಂದಿರು ಸೆರಗು ಮುಚ್ಚಿಕೊಂಡು ಕೂತಿದ್ದಕ್ಕೆ ಅದಲುಬದಲಾಗುತ್ತಾರೆ. ಅದೇ ರೈಲಿನಲ್ಲಿ ಮದುವೆ ಮುಗಿಸಿ ಹೊರಟವರು ಯಾರಿಗೆ ಎಷ್ಟು ವರದಕ್ಷಿಣೆ ಸಿಕ್ಕಿತೆಂದು ಮಾತಾಡಿಕೊಳ್ಳುತ್ತಾರೆ. ಏನೂ ತಗೊಳ್ಳಲಿಲ್ಲ ಎಂದರೆ ಹುಡುಗನಲ್ಲೇ ಐಬಿರಬೇಕು ಎಂಬ ಅನುಮಾನ! ನಾವು ಹೊಟ್ಟೆ ಹಿಡಿದು ನಕ್ಕೆವು. ನಮ್ಮಲ್ಲಿ "ಎಷ್ಟು ತೊಲಿ ಹಾಕಿದ್ರಿ?" ಎಂದು ಕೇಳುವುದು "ಊಟ ಆತೇನ್ರಿ?" ಎಂದು ಕೇಳಿದಷ್ಟೇ ಸಹಜವಾಗಿಬಿಟ್ಟಿದೆ. ವರದಕ್ಷಿಣೆ ಎಂಬ ಹೆಸರು ಯಾರೂ ಹೇಳುವುದಿಲ್ಲ. ವರೋಪಚಾರ ಅನ್ನುತ್ತೇವೆ, ಮಗಳಿಗೆ ಪ್ರೀತಿಯಿಂದ ಕೊಟ್ಟೆವು ಅನ್ನುತ್ತೇವೆ.

ಆ ಸಿನಿಮಾದ ಜಯಾ ಎಂಬ ಹುಡುಗಿಗೆ ಒಕ್ಕಲುತನ ಓದುವ ಆಸೆ. ಸಾವಯವ ಬೇಸಾಯ ಕಲಿಯಬೇಕೆಂದು ದೂರದ ಊರಿಗೆ ಹೊರಡುತ್ತಾಳೆ. ಅದನ್ನು ನೋಡಿ ಒಬ್ಬಾಕೆ ಅಂದಳು: "ನಾವು ಹುಟ್ಟಿದಾಗಿಂದ ಹೊಲದಾಗ ದುಡೀತೇವಿ, ನಮಗ್ಯಾರೂ ರೈತರು ಅನ್ನಂಗಿಲ್ಲಲ್ಲ." ನಿಜ. ಈ ಎರಿ ಹೊಲದಲ್ಲಿ ಕಳೆ ತೆಗೆಯುವವರು ನಾವು, ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ನಾವು. 1980ರ ನವಲಗುಂದ-ನರಗುಂದ ರೈತ ಹೋರಾಟದಿಂದ ಕಳಸಾ-ಬಂಡೂರಿಯವರೆಗೆ ನೀರಿನ ಮಾತು, ಕರದ ಮಾತು ಊರ ನಡುವೆ ಗಟ್ಟಿಯಾಗಿ ಆಡಿದ ನಾಡು ಇದು. ಆದರೆ ಉತಾರದಲ್ಲಿ ನಮ್ಮಲ್ಲಿ ಎಷ್ಟು ಜನರ ಹೆಸರಿದೆ? ಕೈ ಎತ್ತಿ ನೋಡೋಣ.

ಈಗ ಕಡೆಯ ಸಿನಿಮಾ. ಇದನ್ನು ನಾನು ಪೂರಾ ನೋಡಲಾಗಲಿಲ್ಲ, ಎದ್ದು ಹೋದೆ. ಓಂ ಸಾಯಿಪ್ರಕಾಶ್ ನಿರ್ದೇಶನದ 'ತವರಿಗೆ ಬಾ ತಂಗಿ', 2002ರದು. ಅಣ್ಣನಾಗಿ ಶಿವರಾಜಕುಮಾರ್, ತಂಗಿಯಾಗಿ ರಾಧಿಕಾ. ನಿಮಗೆಲ್ಲ ಗೊತ್ತು. ಸೆರಗು ತೋಯುವಷ್ಟು ಅತ್ತ ಸಿನಿಮಾ.

ಸುಮಾರು 15 ವರ್ಷದ ಹಿಂದಿನ ಮಾತು. ಆಗ ಟಿ.ವಿ.ಯಲ್ಲಿ ಇದೇ ಸಿನಿಮಾ ಹಾಕಿದ್ದರು. ನನ್ನ ತವರಿನ ಪಡಸಾಲೆಯಲ್ಲಿ ನಾನು, ಅವ್ವ, ಅಣ್ಣ, ವೈನಿ ಕೂತಿದ್ದೆವು. ನನ್ನ ತಂಗಿಯೂ ಇದ್ದಳು. ಹಿಂದಿನ ದಿನ ಸಂಜೆ ಬಂದಿದ್ದಳು. ಪಂಚಮಿಗೆ ಅಣ್ಣ ಹೋಗಿ ಕರೆದುತಂದಿದ್ದಲ್ಲ, ತಾನಾಗಿಯೇ ಬಂದಿದ್ದಳು. ಎಡಗಣ್ಣು ಬಾತಿತ್ತು. ಹೇಳಿದಷ್ಟು ಬಂಗಾರ ಹಾಕಿರಲಿಲ್ಲ, ಎರಡು ತೊಲಿ ಬಾಕಿ ಇತ್ತು. ಸಿನಿಮಾದ ತಂಗಿಯ ಕಷ್ಟ ನೋಡಿ ಅವ್ವ ಅತ್ತಳು, ನಾನು ಅತ್ತೆ, ಅಣ್ಣನೂ ಕಣ್ಣೊರೆಸಿಕೊಂಡ. ನನ್ನ ತಂಗಿ ಅಳಲಿಲ್ಲ. ಮರುದಿನ ಅವ್ವ ಅವಳ ಉಡಿ ತುಂಬಿದಳು, ನಾನು ರೊಟ್ಟಿ-ಚಟ್ನಿ ಬುತ್ತಿ ಕಟ್ಟಿದೆ. "ಗಂಡ-ಹೆಂಡರಂದ ಮ್ಯಾಲೆ ಇದ್ದದ್ದ ಐತಿ, ಹೊಂದ್ಕೊಂಡು ಹೋಗು" ಅಂದವಳು ಬೇರೆ ಯಾರೂ ಅಲ್ಲ, ನಾನೇ. ಅಣ್ಣ ಮುಂಜಾನೆಯ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದ.

ಮೂರು ತಿಂಗಳಿಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಬದುಕಿದಳು. ಬಲಗೈ ಇವತ್ತಿಗೂ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಒಂದು ದಿನ ಆಕೆ ನನ್ನನ್ನು ಕೇಳಿದಳು: "ಅಕ್ಕಾ, ಆ ಸಿನಿಮಾದಾಕಿಗೆ ಅತ್ತಿ. ನಾನು ನಿನ್ನ ಮಗ್ಗಲದಾಗ ಕೂತಿದ್ನಿ."

ನನ್ನ ಹತ್ತಿರ ಉತ್ತರವಿರಲಿಲ್ಲ. ಇದನ್ನು ಸಭೆಯಲ್ಲಿ ಹೇಳಲೇ ಎಂದು ಅವಳನ್ನೇ ಕೇಳಿದೆ. "ಹೇಳು, ಮತ್ತೊಬ್ಬಾಕಿನ್ನ ಕಳಿಸೂದರ ನಿಲ್ಲಲಿ" ಅಂದಳು.

ನನ್ನ ಅಣ್ಣ ಕೆಟ್ಟವನಲ್ಲ. ನಾವ್ಯಾರೂ ಕಟುಕರಲ್ಲ. ಹಾಗಿದ್ದರೂ ಯಾಕೆ ಕಳಿಸಿದೆವು? ಬಹಳ ದಿನ ವಿಚಾರ ಮಾಡಿದ್ದೇನೆ. ಮದುವೆಯಾದ ಮಗಳು ತವರಿಗೆ ಬೀಗಳಂತೆ ಬರುತ್ತಾಳೆ. ಪಂಚಮಿಗೆ ಬಂದರೆ ಜೋಕಾಲಿ, ಉಂಡಿ. ಪಂಚಮಿಯಿಲ್ಲದೆ ಬಂದರೆ "ಯಾವಾಗ ಹೋಗ್ತಿ?" ಮನೆ ಅವಳದಲ್ಲ, ಹೊಲ ಅವಳದಲ್ಲ. ಬಂಗಾರ ಕೊಟ್ಟು ಕಳಿಸಿದೆವಲ್ಲ, ಇನ್ನು ಪಾಲು ಯಾಕೆ ಎಂದು ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಆ ಬಂಗಾರ ಹೋಗುವುದು ಗಂಡನ ಮನೆಗೆ, ಪಾಲು ಉಳಿಯುವುದು ಅಣ್ಣಂದಿರಿಗೆ, ಮಗಳ ಕೈ ಖಾಲಿ. ವರದಕ್ಷಿಣೆ ಎಂದರೆ ಇದೇ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಅಣ್ಣನ ಅಕ್ಕರೆ ಒಳ್ಳೆಯದೇ. ಆದರೆ ಹೊಡೆತ ತಿಂದು ಬಂದ ರಾತ್ರಿ ಬಾಗಿಲು ತೆರೆಯಲು ಅಕ್ಕರೆಯೊಂದೇ ಸಾಲದು, ಆ ಬಾಗಿಲಲ್ಲಿ ಅವಳ ಹಕ್ಕೂ ಇರಬೇಕು.

ಇನ್ನು ಕಾನೂನು. ವರದಕ್ಷಿಣೆ ಕೇಳುವುದು, ತಗೊಳ್ಳುವುದು 1961ರಿಂದಲೇ ಅಪರಾಧ. ಕೊಡುವುದೂ ಅಪರಾಧವೇ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ 1983ರಲ್ಲಿ ಬಂದ 498ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86 ಆಗಿದೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. ಮೂರು ವರ್ಷದವರೆಗೆ ಜೈಲು ಆಗಬಹುದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಹೆಂಡತಿಯನ್ನು ಸುಮ್ಮಸುಮ್ಮನೆ ಮನೆಯಿಂದ ಹೊರಗೆ ಹಾಕುವಂತಿಲ್ಲ. ರಕ್ಷಣೆಯ ಆದೇಶ, ಜೀವನಾಂಶ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ದಾರಿ ಹೇಳುತ್ತಾರೆ. ಜೀವಕ್ಕೆ ಅಪಾಯವಿದ್ದರೆ 112, ಸಲಹೆ-ಸಹಾಯಕ್ಕೆ 181. ಪೆಟ್ಟಾಗಿದ್ದರೆ ಮೊದಲು ಸರಕಾರಿ ದವಾಖಾನೆ. ಡಾಕ್ಟರಿಗೆ "ಬಿದ್ದೆ" ಎಂದು ಹೇಳಬೇಡಿ. ಯಾರು ಹೊಡೆದರು ಎಂದು ಹೇಳಿ, ಬರೆಸಿ, ಚೀಟಿ ಜೋಪಾನ ಮಾಡಿ.

ಆದರೆ ಇವೆಲ್ಲಕ್ಕಿಂತ ಮೊದಲು ಒಂದು ಕೆಲಸವಿದೆ, ಅದಕ್ಕೆ ಯಾವ ಕಚೇರಿಯೂ ಬೇಡ. ಪಂಚಮಿಯಲ್ಲದ ದಿನ ಮಗಳೋ ತಂಗಿಯೋ ಬಾಗಿಲಿಗೆ ಬಂದರೆ, ಯಾವಾಗ ಹೋಗುತ್ತೀ ಎಂದು ಕೇಳಬೇಡಿ. ಟಿ.ವಿ. ಬಂದ್ ಮಾಡಿ. ಅವಳ ಮುಖ ನೋಡಿ. "ಉಂಡೀಯೇನವಾ?" ಎಂದು ಕೇಳಿ, ಒಳಗೆ ಕರೆದುಕೊಳ್ಳಿ.