ಬ್ಯಾಕ್ಟೀರಿಯಾಕ್ಕೂ ಬೇಕು ಸರಿಯಾದ ಹೆಸರು



ಅಡಿಕೆ ತೋಟವಿರುವವರಿಗೆ ಗೊಣ್ಣೆಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಣ್ಣಿನಲ್ಲಿ ಅಡಗಿ ಬೇರು ತಿನ್ನುವ ಈ ಹುಳುವನ್ನು ಮಣ್ಣಿನಲ್ಲೇ ಹುಡುಕಿ ಕೊಲ್ಲುವ ಜೀವಿಯೊಂದಿದೆ. ಅದೊಂದು ಜಂತುಹುಳು, ಉದ್ದ ಸುಮಾರು ಅರ್ಧ ಮಿಲಿಮೀಟರ್. ಇಂಥವುಗಳಲ್ಲಿ ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬುದು ನಮ್ಮ ನೆರೆಯ ಕೊಯಮತ್ತೂರಿನಲ್ಲಿ ದೊರೆತದ್ದು. 1992ರಲ್ಲಿ ಅದಕ್ಕೆ ಈ ಹೆಸರು ಬಂತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅದನ್ನು ಪುಡಿಯ ರೂಪದಲ್ಲಿ ರೈತರಿಗೆ ಒದಗಿಸುವ ವಿಧಾನವನ್ನು ರೂಪಿಸಿದೆ.

ಆದರೆ ಕೊಲ್ಲುವ ಕೆಲಸದಲ್ಲಿ ಈ ಜಂತುಹುಳು ಒಂಟಿಯಲ್ಲ. ಅದರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳಿವೆ. ಕೀಟದ ಒಡಲನ್ನು ಹೊಕ್ಕ ಜಂತುಹುಳು ಅವನ್ನು ಹೊರಬಿಡುತ್ತದೆ. ಒಂದೆರಡು ದಿನಗಳಲ್ಲಿ ಕೀಟ ಸಾಯುತ್ತದೆ. ಬ್ಯಾಕ್ಟೀರಿಯಾಗಳು ಅದರ ದೇಹವನ್ನು ಕರಗಿಸುತ್ತವೆ. ಜಂತುಹುಳು ಅದನ್ನುಂಡು ಮರಿಮಾಡುತ್ತದೆ. ಆಹಾರ ಮುಗಿದಾಗ ಮರಿಗಳು ಅದೇ ಬ್ಯಾಕ್ಟೀರಿಯಾಗಳನ್ನು ಹೊತ್ತು ಹೊಸ ಬೇಟೆಗೆ ಹೊರಡುತ್ತವೆ.

ಈ ಬ್ಯಾಕ್ಟೀರಿಯಾ ಯಾವುದು? 1965ರಲ್ಲಿ ಪೊಯಿನಾರ್ ಮತ್ತು ಥಾಮಸ್ ಅದಕ್ಕೆ ಅಕ್ರೊಮೊಬ್ಯಾಕ್ಟರ್ ನೆಮಟೊಫಿಲಸ್ ಎಂದು ಹೆಸರಿಟ್ಟರು. ಆ ಕುಲಕ್ಕೆ ಅದು ಹೊಂದಲಿಲ್ಲ. 1979ರಲ್ಲಿ ಅವರೇ ಜೀನೊರಾಬ್ಡಸ್ ಎಂಬ ಹೊಸ ಕುಲವನ್ನು ರಚಿಸಿ, ಕತ್ತಲಲ್ಲಿ ಬೆಳಗುವ ಇನ್ನೊಂದು ಬ್ಯಾಕ್ಟೀರಿಯಾವನ್ನು ಲ್ಯೂಮಿನೆಸೆನ್ಸ್ ಎಂಬ ಹೆಸರಿನಲ್ಲಿ ಅದರೊಳಗೆ ಸೇರಿಸಿದರು. 1993ರಲ್ಲಿ ಬೊಎಮಾರ್, ಆಕ್‌ಹರ್ಸ್ಟ್ ಮತ್ತು ಮೌರಂಟ್ ಡಿಎನ್ಎ ಹೋಲಿಕೆಯ ಆಧಾರದಿಂದ ಬೆಳಗುವವನ್ನು ಬೇರ್ಪಡಿಸಿ ಫೋಟೊರಾಬ್ಡಸ್ ಎಂದು ಕರೆದರು. ಸ್ಟೈನರ್‌ನೆಮಾ ಜಂತುಹುಳುವಿಗೆ ಜೀನೊರಾಬ್ಡಸ್, ಹೆಟೆರೊರಾಬ್ಡಿಟಿಸ್‌ಗೆ ಫೋಟೊರಾಬ್ಡಸ್, ಇದು ಅವುಗಳ ಜೋಡಿ.

ಹೆಸರು ಏನಾದರೇನು ಎಂದು ನೀವು ಕೇಳಬಹುದು. 1989ರಲ್ಲಿ ಅಮೆರಿಕದಿಂದ ಬಂದ ವರದಿಯೊಂದನ್ನು ನೋಡಿ. ಮನುಷ್ಯರ ಗಾಯ ಮತ್ತು ರಕ್ತದ ಮಾದರಿಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೂ ಆಗ ಇದ್ದುದು ಅದೇ ಲ್ಯೂಮಿನೆಸೆನ್ಸ್ ಹೆಸರು! ರೈತನ ಮಿತ್ರನಿಗೂ ರೋಗಿಯ ಶತ್ರುವಿಗೂ ಒಂದೇ ಚೀಟಿ. 1999ರಲ್ಲಿ ಮನುಷ್ಯರಲ್ಲಿ ಕಂಡದ್ದನ್ನು ಅಸಿಂಬಯಾಟಿಕಾ ಎಂಬ ಪ್ರತ್ಯೇಕ ಪ್ರಭೇದವಾಗಿಸಿದರು. ಜಂತುಹುಳುವಿನ ಸಂಗಾತಿಯಲ್ಲದ್ದು ಎಂಬ ಅರ್ಥದ ಹೆಸರು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದಕ್ಕೂ ಒಂದು ಜಂತುಹುಳು ಜೊತೆಗಾರ ಸಿಕ್ಕಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ನಿಯಮದಂತೆ ಇಟ್ಟ ಹೆಸರನ್ನು ಅರ್ಥ ತಪ್ಪಿತೆಂದು ಬದಲಿಸುವಂತಿಲ್ಲ.

ಹಾಗಾದರೆ ಹೊಸ ಪ್ರಭೇದವೆಂದು ತೀರ್ಮಾನಿಸುವುದು ಹೇಗೆ? ಸತ್ತ ಕೀಟದಿಂದ ಬ್ಯಾಕ್ಟೀರಿಯಾವನ್ನು ತೆಗೆದು ತಟ್ಟೆಯಲ್ಲಿ ಬೆಳೆಸುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಹಾಕಿದರೆ ಫೋಟೊರಾಬ್ಡಸ್ ನೊರೆಯೆಬ್ಬಿಸುತ್ತದೆ, ಜೀನೊರಾಬ್ಡಸ್ ಸುಮ್ಮನಿರುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣು ಒಗ್ಗುವ ತನಕ ಕಾದರೆ ಫೋಟೊರಾಬ್ಡಸ್‌ನ ಮಂದ ಬೆಳಕು ಕಾಣುತ್ತದೆ. ಆದರೆ ಇಲ್ಲೊಂದು ತೊಡಕು. ತಟ್ಟೆಯಲ್ಲಿ ಬೆಳೆಯುತ್ತಾ ಇವು ವೇಷ ಬದಲಿಸುತ್ತವೆ. ಬಣ್ಣ ಮಾಸುತ್ತದೆ, ಬೆಳಕು ಕುಂದುತ್ತದೆ. ಒಂದೇ ಬ್ಯಾಕ್ಟೀರಿಯಾ ಎರಡೆಂಬಂತೆ ಕಾಣುತ್ತದೆ.

ಆದ್ದರಿಂದ ಕೊನೆಯ ಮಾತು ಡಿಎನ್ಎಯದು. ಈಗ ಇಡೀ ಜೀನೋಮನ್ನು ಓದಿ, ಗೊತ್ತಿರುವ ಪ್ರಭೇದಗಳ ಜೀನೋಮಿನೊಡನೆ ಹೋಲಿಸುತ್ತಾರೆ. ಹೋಲಿಕೆ ಸುಮಾರು ಶೇಕಡ 95ಕ್ಕಿಂತ ಕಡಿಮೆಯಿದ್ದರೆ ಹೊಸದೆನ್ನಬಹುದು. ಅಷ್ಟೇ ಸಾಲದು. ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಯಾರು ಬೇಕಾದರೂ ಅದನ್ನು ತರಿಸಿ ಪರೀಕ್ಷಿಸುವಂತಿರಬೇಕು. ಭಾರತದ ಜಂತುಹುಳುವಿನಲ್ಲಿ ದೊರೆತ ಜೀನೊರಾಬ್ಡಸ್ ಇಂಡಿಕಾವನ್ನು 2006ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು.

ನಮ್ಮ ಕೊಯಮತ್ತೂರಿನ ಜಂತುಹುಳುವಿನ ಸಂಗಾತಿಗೆ 1999ರಲ್ಲಿ ಸಿಕ್ಕಿದ್ದು ಲ್ಯೂಮಿನೆಸೆನ್ಸ್‌ನ ಉಪಪ್ರಭೇದದ ಸ್ಥಾನ, ಆಕ್‌ಹರ್ಸ್ಟ್ ಅವರ ಗೌರವಾರ್ಥ ಆಕ್‌ಹರ್ಸ್ಟಿಯೈ ಎಂಬ ಹೆಸರು. 2018ರಲ್ಲಿ ಜೀನೋಮ್ ಓದಿದ ಮೇಲೆ ಅದು ಸ್ವತಂತ್ರ ಪ್ರಭೇದವಾಯಿತು. ಹಳೆಯ ಲೇಖನ ಓದುವವರು ಈ ಬದಲಾವಣೆಯನ್ನು ನೆನಪಿಡಬೇಕು.

2019ರಲ್ಲಿ ಫೋಟೊರಾಬ್ಡಸ್‌ನಿಂದಲೇ ಡರೊಬ್ಯಾಕ್ಟಿನ್ ಎಂಬ ಹೊಸ ಪ್ರತಿಜೈವಿಕ ಬೆಳಕಿಗೆ ಬಂತು. ಮಣ್ಣಿನ ಹುಳುವಿನ ಹೊಟ್ಟೆಯಲ್ಲಿ ನಾಳಿನ ಔಷಧವೂ ಇರಬಹುದು, ತೋಟದ ರಕ್ಷಣೆಯೂ ಇರಬಹುದು. ಇಂದು ಸಿಕ್ಕದ್ದನ್ನು ನಾಳೆ ಮತ್ತೊಬ್ಬರು ಅದೇ ಎಂದು ಗುರುತಿಸಬೇಕಾದರೆ, ಅದಕ್ಕೊಂದು ಸರಿಯಾದ ಹೆಸರಿರಬೇಕು.