ಮೆಕ್ಯಾನೋ ಮ್ಯಾಗಜೀನ್

ಸರಕಿನ ಮಾರಾಟಕ್ಕೆಂದೇ ಹುಟ್ಟಿದ ಪತ್ರಿಕೆಯನ್ನು ಮಕ್ಕಳ ಸಾಹಿತ್ಯವೆಂದು ಕರೆಯಬಹುದೆ? ನನ್ನ ಹಳೆಯ ಶಿಷ್ಯರೊಬ್ಬರು, ಈಗ ಇಂಜಿನಿಯರು, ಇಂಗ್ಲೆಂಡಿನ 'ಮೆಕ್ಯಾನೋ ಮ್ಯಾಗಜೀನ್' ಪತ್ರಿಕೆಯ 1930ರ ದಶಕದ ಕೆಲವು ಸಂಚಿಕೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಾಗ ಮೊದಲು ಮೂಡಿದ ಸಂದೇಹ ಇದು. ಕನ್ನಡ ಪಂಡಿತನಿಗೂ ನಟ್ಟು ಬೋಲ್ಟುಗಳಿಗೂ ಏನು ನಂಟೆಂದು ತಾವು ಕೇಳಬಹುದು. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

ಲಿವರ್‌ಪೂಲ್ ನಗರದಲ್ಲಿ ಮಾಂಸದ ವರ್ತಕರೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ಹಾರ್ನ್‌ಬಿ ಎಂಬಾತ ತನ್ನ ಮಕ್ಕಳ ಆಟಕ್ಕಾಗಿ ಲೋಹದ ಪಟ್ಟಿಗಳನ್ನು ಕತ್ತರಿಸಿ, ಅವುಗಳಲ್ಲಿ ಅರ್ಧ ಅಂಗುಲಕ್ಕೊಂದರಂತೆ ತೂತು ಕೊರೆದನು. ತೂತುಗಳ ಅಂತರ ಎಲ್ಲೆಡೆಯೂ ಒಂದೇ ಆದುದರಿಂದ ಯಾವ ಪಟ್ಟಿಯನ್ನಾದರೂ ಯಾವುದಕ್ಕಾದರೂ ಬಿಗಿಯಬಹುದು. ಇಂದು ಕಟ್ಟಿದ ಸೇತುವೆಯನ್ನು ಬಿಚ್ಚಿ ನಾಳೆ ಕ್ರೇನು ಮಾಡಬಹುದು. 1901ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. 1907ರಲ್ಲಿ ಮೆಕ್ಯಾನೋ ಎಂಬ ಹೆಸರು ಬಂದಿತು. ಪತ್ರಿಕೆ ಹೊರಟದ್ದು 1916ರಲ್ಲಿ, ಮಹಾಯುದ್ಧದ ನಡುವೆ, ಮೊದಲಿಗೆ ಎರಡು ತಿಂಗಳಿಗೊಮ್ಮೆ.

ಪುಟ ತಿರುವಿದರೆ ಜಾಹೀರಾತುಗಳಿಗೇನೂ ಬರವಿಲ್ಲ. ಆದರೆ ಅವುಗಳ ನಡುವೆ ರೈಲು ಎಂಜಿನು, ಸೇತುವೆ, ಹಡಗು, ವಿಮಾನಗಳ ಮೇಲೆ ನಿಜವಾದ ಲೇಖನಗಳಿವೆ. ಅಂಚೆಚೀಟಿ ಸಂಗ್ರಹಕ್ಕೂ ಸ್ಥಳವಿದೆ. 1934ರಲ್ಲಿ ಮ್ಯಾಂಚೆಸ್ಟರಿನ ಹಾರ್ಟ್ರೀ ಮತ್ತು ಪೋರ್ಟರ್ ಎಂಬ ವಿದ್ವಾಂಸರು ಇದೇ ಆಟಿಕೆಯ ಬಿಡಿಭಾಗಗಳಿಂದ ಕಠಿನವಾದ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನೇ ಕಟ್ಟಿದರು. ಆಟಿಕೆಯೆಂದು ಹಗುರವಾಗಿ ನುಡಿಯುವಂತಿಲ್ಲ! ಒಂದು ಮಾತು ಮಾತ್ರ ನನ್ನನ್ನು ಚುಚ್ಚಿತು: ಎಲ್ಲೆಲ್ಲೂ ಹುಡುಗರಿಗೇ ಸಂಬೋಧನೆ. ಮನೆಯ ಹೆಣ್ಣುಮಗುವಿಗೆ ತಿರುಪು ತಿರುಗಿಸಲು ಕೈಯಿರಲಿಲ್ಲವೆ?

ಪತ್ರಿಕೆ ಮುಂದೆ ಕೈಯಿಂದ ಕೈಗೆ ಹೋಗಿ, ನಡುನಡುವೆ ನಿಂತು, 1981ರಲ್ಲಿ ಮುಗಿಯಿತು. ಲಿವರ್‌ಪೂಲಿನ ಕಾರ್ಖಾನೆ 1979ರಲ್ಲೇ ಬಾಗಿಲು ಹಾಕಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಗದ್ಯ. ಅಚ್ಚು ಎಲ್ಲಿ, ರಾಟೆ ಎಲ್ಲಿ, ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಹತ್ತು ವರ್ಷದ ಹುಡುಗನಿಗೆ ತಿಳಿಯುವಂತೆ ಬರೆದಿದ್ದಾರೆ. ಒಂದು ಪದ ಹೆಚ್ಚಿಲ್ಲ. ಹಳಗನ್ನಡದ ಸಮಾಸಗಳನ್ನು ಬಿಡಿಸುವುದರಲ್ಲೇ ತಲೆ ನರೆತ ನನಗೆ, ಇಂಥ ಗದ್ಯವನ್ನು ನಾನು ಎಂದೂ ಕಲಿಸಲಿಲ್ಲವಲ್ಲ ಎನಿಸಿತು. ಮರುದಿನವೇ ಒಂಬತ್ತನೆಯ ತರಗತಿಗೆ ಪ್ರಬಂಧ ಕೊಟ್ಟೆ: ಕಳಚಿದ ಸೈಕಲ್ ಚೈನನ್ನು ಮತ್ತೆ ಕೂರಿಸುವುದು ಹೇಗೆ? ಬಹುಮಂದಿ 'ಸೈಕಲ್ ಮಾನವನಿಗೆ ಅತ್ಯಂತ ಉಪಯುಕ್ತವಾದ ವಾಹನವಾಗಿದೆ' ಎಂದು ಆರಂಭಿಸಿ ಅಲ್ಲಿಯೇ ಸುತ್ತುತ್ತಿದ್ದರು. ಹಾಗೆ ಬರೆಯಲು ಕಲಿಸಿದವನು ನಾನೇ. ಸಂಜೆ ಸೈಕಲ್ ಅಂಗಡಿಯಲ್ಲಿ ದುಡಿಯುವ ಹಿಂದಿನ ಬೆಂಚಿನ ಹುಡುಗನೊಬ್ಬ ಒಂಬತ್ತೇ ಸಾಲು ಬರೆದಿದ್ದ. ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ತಾರುಮಾರು. ಆದರೆ ಆ ಒಂಬತ್ತು ಸಾಲನ್ನು ಓದಿಕೊಂಡು ಸೈಕಲ್ ಮುಟ್ಟದ ನಾನೂ ಚೈನು ಕೂರಿಸಬಲ್ಲೆ. ಎರಡು ವರ್ಷದಿಂದ ಅವನಿಗೆ ನಾನು ಕೊಡುತ್ತ ಬಂದದ್ದು ಹತ್ತಕ್ಕೆ ಮೂರು.

ಈ ಸಲ ಎಂಟು ಹಾಕಿದೆ. ಪುಸ್ತಕ ಹಿಂದಿರುಗಿಸಿದಾಗ ಅವನು ಅದನ್ನು ತಿರುಗಿಸಿ ರಟ್ಟಿನ ಮೇಲಿನ ಹೆಸರು ನೋಡಿದ. ಆಮೇಲೆ ಮೆಲ್ಲನೆ ಬಳಿಗೆ ಬಂದು, "ಸಾರ್, ಅಂಕ ತಪ್ಪಾಗಿ ಬಿದ್ದಿದೆ" ಎಂದ.